ಮೂತ್ರಪಿಂಡದ ಕಲ್ಲನ್ನು ಶಬ್ದದಿಂದ ಸರಿಸಬಹುದೇ?

ಕಿಡ್ನಿ ಸ್ಟೋನ್‌ನಿಂದ ನರಳಿದವರಿಗೆ ಸ್ಕ್ಯಾನಿಂಗ್ ಹೊಸದೇನಲ್ಲ. ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಸವರಿ ಪುಟ್ಟ ಉಪಕರಣವನ್ನು ಆಡಿಸಿದರೆ ಪರದೆಯಲ್ಲಿ ಕಲ್ಲು ಕಾಣುತ್ತದೆ. ಅದನ್ನು ತೋರಿಸುವುದು ನಮ್ಮ ಕಿವಿಗೆ ಕೇಳಿಸದಷ್ಟು ವೇಗದ ಕಂಪನವುಳ್ಳ ಶಬ್ದ. ತೋರಿಸುವ ಶಬ್ದ ಕಲ್ಲನ್ನು ಸರಿಸಲೂಬಹುದೇ? ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಹಲವು ವರ್ಷಗಳಿಂದ ಇದನ್ನೇ ಪರೀಕ್ಷಿಸುತ್ತಿದ್ದಾರೆ.

ಶಬ್ದವೆಂದರೆ ಒತ್ತಡದ ಅಲೆ. ಎದುರು ಸಿಕ್ಕಿದ್ದನ್ನು ಅದು ತುಸು ತಳ್ಳುತ್ತದೆ. ಮಾತಿನ ಸದ್ದಿನಲ್ಲಿ ಈ ಬಲ ನಮ್ಮ ಗಮನಕ್ಕೇ ಬಾರದು. ಆದರೆ ಭೂತಗನ್ನಡಿ ಬಿಸಿಲನ್ನು ಒಂದೆಡೆ ಕೂಡಿಸುವಂತೆ ಶಬ್ದವನ್ನು ಕೂಡಿಸಿದರೆ, ಕೆಲವು ಮಿಲಿಮೀಟರ್ ಗಾತ್ರದ ಕಲ್ಲು ಜಾಗ ಬಿಟ್ಟು ಕದಲುತ್ತದೆ.

ತಳ್ಳುವುದಕ್ಕಿಂತ ಹಿಡಿದಿಡುವುದು ಕಷ್ಟ. ನೇರ ಅಲೆಗೆ ಸಿಕ್ಕ ಕಲ್ಲು ಪಕ್ಕಕ್ಕೆ ಜಾರಿಬಿಡುತ್ತದೆ. ಅದಕ್ಕಾಗಿ ಶಬ್ದಕ್ಕೆ ಉದ್ದಿನ ವಡೆಯ ಆಕಾರ ಕೊಡುತ್ತಾರೆ: ಸುತ್ತ ಬಲವಾದ ಉಂಗುರ, ನಡುವೆ ಸದ್ದಿಲ್ಲದ ತೂತು. ತೂತಿನಲ್ಲಿರುವ ಕಣ ಯಾವ ಕಡೆಗೆ ಸರಿದರೂ ಉಂಗುರ ಅದನ್ನು ಒಳಕ್ಕೇ ನೂಕುತ್ತದೆ. ಉಂಗುರ ಚಲಿಸಿದರೆ ಕಣವೂ ಜೊತೆಗೆ ಸಾಗುತ್ತದೆ. 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೀಗೆ 3 ಮಿಲಿಮೀಟರ್‌ನ ಗಾಜಿನ ಮಣಿಗಳನ್ನು ಜೀವಂತ ಹಂದಿಗಳ ಮೂತ್ರಕೋಶದೊಳಗೆ, ದೇಹದ ಹೊರಗಿನಿಂದಲೇ, ಬೇಕಾದ ದಾರಿಯಲ್ಲಿ ನಡೆಸಲಾಯಿತು.

ರೋಗಿಗಳ ಮೇಲೆ ಪರೀಕ್ಷಿಸಿರುವುದು ಇದಕ್ಕಿಂತ ಸರಳವಾದ ತಳ್ಳುವ ವಿಧಾನವನ್ನು. ಆಘಾತ ತರಂಗದಿಂದ ಕಲ್ಲು ಪುಡಿಮಾಡುವ ಚಿಕಿತ್ಸೆ 1980ರಲ್ಲಿ ಮ್ಯೂನಿಕ್‌ನಲ್ಲಿ ಆರಂಭವಾದಾಗ ಅನೇಕರಿಗೆ ಕೊಯ್ಯಿಸಿಕೊಳ್ಳುವುದು ತಪ್ಪಿತು. ಆದರೆ ಚೂರುಗಳು ಮೂತ್ರಪಿಂಡದ ತಳಭಾಗದಲ್ಲಿ ಉಳಿದು ಮತ್ತೆ ಬೆಳೆಯುವುದುಂಟು. ಅಂಥ ಚೂರುಗಳಿದ್ದ 82 ಮಂದಿಯ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಶಬ್ದದಿಂದ ಚೂರುಗಳನ್ನು ಸರಿಸಿದ 40 ಮಂದಿಯಲ್ಲಿ 8 ಮಂದಿಗೆ ತೊಂದರೆ ಮರುಕಳಿಸಿತು. ಈ ಚಿಕಿತ್ಸೆ ಪಡೆಯದ 42 ಮಂದಿಯಲ್ಲಿ 21 ಮಂದಿಗೆ. ಅರಿವಳಿಕೆಯ ಅಗತ್ಯವೂ ಇರಲಿಲ್ಲ. ಸಂಖ್ಯೆ ಚಿಕ್ಕದು, ಆದರೂ ಆಶಾದಾಯಕ.

ಹಾಗೆಂದು ಹತ್ತಿರದ ಸ್ಕ್ಯಾನಿಂಗ್ ಕೇಂದ್ರಕ್ಕೆ ಹೋಗಿ ಕಲ್ಲು ತಳ್ಳಿಕೊಡಿ ಎನ್ನುವಂತಿಲ್ಲ. ಆ ಯಂತ್ರ ಚಿತ್ರ ತೆಗೆಯಲಷ್ಟೇ. ಸದ್ಯ ನಮ್ಮ ಕೈಯಲ್ಲಿರುವ ಉಪಾಯ ನೀರು: ಮೂತ್ರ ತಿಳಿಯಾಗಿ ಹೋಗುವಷ್ಟು, ದಿನವಿಡೀ ಹಂಚಿಕೊಂಡು. ಹೃದಯ ಅಥವಾ ಮೂತ್ರಪಿಂಡದ ವೈಫಲ್ಯ ಇರುವವರು ಮಾತ್ರ ಪ್ರಮಾಣವನ್ನು ವೈದ್ಯರಲ್ಲೇ ಕೇಳಬೇಕು. ರಮಝಾನ್‌ನಲ್ಲಿ ಇಫ್ತಾರ್‌ನಿಂದ ಸಹರಿಯವರೆಗೆ ಬಿಟ್ಟುಬಿಟ್ಟು ಕುಡಿಯಿರಿ, ಕೊನೆಯ ಗಳಿಗೆಯಲ್ಲಿ ಒಟ್ಟಿಗೆ ಅಲ್ಲ. ಪದೇಪದೇ ಕಲ್ಲಾಗುವವರು ಉಪವಾಸಕ್ಕೆ ಮೊದಲೇ ವೈದ್ಯರನ್ನು ಕಾಣಲಿ. ಕಲ್ಲಿನ ನೋವಿನೊಂದಿಗೆ ಜ್ವರ, ಚಳಿ ಬಂದರೆ ಅಥವಾ ಮೂತ್ರ ನಿಂತರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ.