ಒಂದು ಖಣದ ಸುತ್ತ ಒಂದು ಕೌದಿ

ಕೌದಿಯೆಂದರೆ ಹಳೆಯ ಅರಿವೆಗಳ ಗಂಟು, ಉಳ್ಳವರಿಗೆ ಬೇಡದ ಹೊದಿಕೆ ಎಂದು ಬಗೆಯುವವರು ಇಂದಿಗೂ ಉಂಟು. ಅಂಥವರ ಮನೆಯ ಮೊದಲ ಕೂಸು ತೊಟ್ಟಿಲಲ್ಲಿ ಮಲಗಿದ್ದು ಯಾವುದರ ಮೇಲೆಂದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಅಬಲೂರು, ಹಿರೇಕೆರೂರು, ಹಾನಗಲ್ಲು, ಶಿಗ್ಗಾಂವಿಗಳ ಈ ಸೀಮೆಯಲ್ಲಿ ಕೌದಿಯಿಲ್ಲದ ಮನೆ ಹಿಂದೆ ಇರಲಿಲ್ಲ. ಹಾಸಲಿಕ್ಕೆ ಅದೇ, ಹೊದೆಯಲಿಕ್ಕೆ ಅದೇ, ಬಂಡಿಯಲ್ಲಿ ಜಾತ್ರೆಗೆ ಹೋಗುವಾಗ ಹುಲ್ಲಿನ ಮೇಲೆ ಹರವಲಿಕ್ಕೂ ಅದೇ. ಬೇಸಿಗೆ ಬಂತೆಂದರೆ ಗೊಂದಲಿಗರ ಹೆಣ್ಣುಮಕ್ಕಳು ಊರೂರು ತಿರುಗಿ, ಕಟ್ಟೆಯ ಮೇಲೋ ಪಡಸಾಲೆಯಲ್ಲೋ ಕುಳಿತು, ಮನೆಯವರು ಕೊಟ್ಟ ಹಳೆಯ ಸೀರೆ ಧೋತರಗಳನ್ನು ಕೌದಿ ಮಾಡಿಕೊಡುತ್ತಿದ್ದರು. ಅವರ ಬರವು ವಿರಳವಾಗಿ, ಗಿರಣಿಯ ಹೊದಿಕೆಗಳು ಅಗ್ಗವಾದ ಮೇಲೆ, ಈ ವಿದ್ಯೆ ಮನೆಯ ಹಿರಿಯರ ಬೆರಳುಗಳಲ್ಲಷ್ಟೇ ಉಳಿದಿದೆ. ಆದುದರಿಂದ ನಮ್ಮ ಶಾಲೆಯ ಹೊಲಿಗೆಯ ತರಗತಿಯಲ್ಲಿ ಒಂದು ವರ್ಷ ಕೌದಿಯನ್ನೇ ಪಾಠವಾಗಿ ತೆಗೆದುಕೊಂಡೆವು. ಆ ಪಾಠ ನಡೆದ ಬಗೆಯನ್ನು ಅಧ್ಯಾಪಕ ಬಂಧುಗಳ ಹಾಗೂ ಹಳೆಯ ವಿದ್ಯಾರ್ಥಿಗಳ ಮುಂದಿಡುವುದು ಪ್ರಸ್ತುತ ಲೇಖನದ ಉದ್ದೇಶ.

ಪಾಠಕ್ಕೆ ಒಂದು ನಿಯಮ ಮಾಡಿಕೊಂಡೆವು. ಕೈಗೆ ಸಿಕ್ಕ ಚೂರುಗಳನ್ನೆಲ್ಲ ಸೇರಿಸಿ ಹೊಲಿಯುವುದಲ್ಲ. ಮನಸ್ಸಿಗೆ ಒಪ್ಪಿದ ಒಂದೇ ಒಂದು ಬಟ್ಟೆಯನ್ನು ಆರಿಸಿ, ಇಡೀ ಕೌದಿ ಅದರ ಮಾತನ್ನು ಕೇಳುವಂತೆ ವಿನ್ಯಾಸ ಮಾಡುವುದು. ಯಾವ ಬಟ್ಟೆ ಎಂಬ ಪ್ರಶ್ನೆಗೆ ಮಕ್ಕಳು ಹಲವು ಉತ್ತರ ತಂದರು. ಕೊನೆಗೆ ನಾನೇ ನಮ್ಮ ಮನೆಯ ಪೆಟ್ಟಿಗೆಯಿಂದ ಒಂದು ಗುಳೇದಗುಡ್ಡದ ಖಣವನ್ನು ತಂದೆ. ನೇರಳೆ ಹಣ್ಣಿನ ಬಣ್ಣದ ನೆಲ, ಅದರ ತುಂಬ ಹಳದಿ ಬಿಳಿ ಸೂಜಿಮಲ್ಲಿಗೆ.

ಖಣದ ಸಂಗತಿಯನ್ನು ಕೊಂಚ ವಿಸ್ತರಿಸಿ ಹೇಳಬೇಕು. ಏಕೆಂದರೆ ಬಟ್ಟೆಯ ಹುಟ್ಟನ್ನು ತಿಳಿಯದೆ ಕತ್ತರಿ ಎತ್ತಬಾರದು. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ಕುಣಿಮಗ್ಗದ ಮೇಲೆ ನೇಯುವ ಈ ಕುಪ್ಪಸದ ಬಟ್ಟೆಯನ್ನು ಅಂಗಡಿಗಳಲ್ಲಿ ಮೂಲೆ ಮೂಲೆ ಮಡಚಿ ತ್ರಿಕೋನ ಮಾಡಿ ಇಟ್ಟಿರುವುದನ್ನು ಎಲ್ಲರೂ ಕಂಡಿದ್ದೇವೆ. ಉಡಿ ತುಂಬುವಾಗ ತೆಂಗಿನಕಾಯಿಯ ಜೊತೆಗೆ ಬರುವುದೂ ಇದೇ. ಸೂಜಿಮಲ್ಲಿಗೆ, ತೇರು, ಆನೆಹೆಜ್ಜೆ, ಕಳಾವರ, ಸಿದ್ಧೇಶ್ವರ ಮುಕುಟ ಎಂದು ಅದರ ಚಿತ್ತಾರಗಳಿಗೆ ಹೆಸರುಗಳುಂಟು. ಈ ಚಿತ್ತಾರ ಮೇಲೆ ಹೆಣೆದ ಕಸೂತಿಯಲ್ಲ, ಒತ್ತಿದ ಅಚ್ಚೂ ಅಲ್ಲ. ಹಾಸಿನಲ್ಲಿಯೇ ಹೆಚ್ಚಿನ ಎಳೆಗಳನ್ನು ಸೇರಿಸಿ, ಬೇಕಾದಲ್ಲಿ ಮೇಲಕ್ಕೆತ್ತಿ ನೇಯ್ದದ್ದು. ಹೂವು ಕಾಣದ ಜಾಗದಲ್ಲಿ ಆ ಎಳೆಗಳು ಬಟ್ಟೆಯ ಹಿಂಬದಿಯಲ್ಲಿ ಸಡಿಲವಾಗಿ ಹಾಯುತ್ತವೆ. ಆದ್ದರಿಂದ ಖಣವನ್ನು ಕತ್ತರಿಸಿದ ಕೂಡಲೇ ಅಂಚಿನ ಎಳೆಗಳು ಬಿಚ್ಚಿಕೊಳ್ಳತೊಡಗುತ್ತವೆ. ರೇಷ್ಮೆಯ ನುಣುಪು ಬೇರೆ. ಸಾಮಾನ್ಯ ಹತ್ತಿ ಬಟ್ಟೆಗೆ ಕಾಲು ಅಂಗುಲ ಅಂಚು ಬಿಟ್ಟರೆ ಸಾಕಾದರೆ ಖಣಕ್ಕೆ ಅರ್ಧ ಅಂಗುಲ ಬೇಕು.

ನಮ್ಮ ಮನೆಯ ಖಣಕ್ಕೆ ಇನ್ನೊಂದು ತೊಡಕೂ ಇತ್ತು. ಅದು ನನ್ನ ತಂಗಿಯ ತೊಟ್ಟಿಲು ಕಾರ್ಯದಲ್ಲಿ ತವರಿನಿಂದ ನಮ್ಮ ತಾಯಿಯವರ ಉಡಿಗೆ ಬಂದದ್ದು. ಆ ತಂಗಿ ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡಳು. ಖಣ ಕುಪ್ಪಸವಾಗಲೇ ಇಲ್ಲ; ಪೆಟ್ಟಿಗೆಯ ತಳದಲ್ಲಿಯೇ ಉಳಿಯಿತು. ತಾಯಿಯವರ ಅನುಮತಿಯಿಲ್ಲದೆ ಅದನ್ನು ಮುಟ್ಟುವಂತಿರಲಿಲ್ಲ.

"ಅವ್ವಾ, ಇದಕ್ಕ ಕತ್ತರಿ ಹಚ್ಚಲೇನು?" ಎಂದು ಕೇಳಿದೆ.

ಬಹಳ ಹೊತ್ತು ಸುಮ್ಮನಿದ್ದು, "ಹಚ್ಚು. ಆದ್ರ ಹೊಳ್ಳಿ ಜೋಡಸಾಕ ಬರೂದಿಲ್ಲ, ಅದನ್ನ ತಿಳಕೊಂಡು ಹಚ್ಚು" ಎಂದರು.

ಈ ಮಾತನ್ನು ನಾನು ಮರುದಿನ ಕರಿಹಲಗೆಯ ಮೇಲೆ ಬರೆಯಲಿಲ್ಲ. ಆದರೆ ಎಂಟು ದಿನ ಯಾವ ಮಗುವಿನ ಕೈಗೂ ಕತ್ತರಿ ಕೊಡಲಿಲ್ಲ. ಎಲ್ಲವೂ ಕಾಗದದ ಮೇಲೆಯೇ ನಡೆಯಿತು.

ಕೌದಿಯ ಅಳತೆ ೫೪ ಅಂಗುಲದ ಚೌಕ, ಎಂದರೆ ನಾಲ್ಕೂವರೆ ಅಡಿ. ಮಕ್ಕಳ ಮೊದಲ ನಕ್ಷೆಯಲ್ಲಿ ಖಣವನ್ನು ಸಣ್ಣ ಸಣ್ಣ ಚೂರು ಮಾಡಿ ಇಡೀ ಕೌದಿಯ ತುಂಬ ಚೆಲ್ಲಿದ್ದರು. ಪ್ರೀತಿಯ ಬಟ್ಟೆ ಎಲ್ಲೆಲ್ಲಿಯೂ ಇರಲಿ ಎಂಬುದು ಅವರ ವಾದ. ಬಣ್ಣದ ಕಾಗದದಲ್ಲಿ ಹಾಗೆಯೇ ಅಂಟಿಸಿ ಗೋಡೆಗೆ ತೂಗುಹಾಕಿ, ಹತ್ತು ಹೆಜ್ಜೆ ಹಿಂದೆ ಸರಿದು ಕಣ್ಣನ್ನು ಅರೆಮುಚ್ಚಿ ನೋಡಲು ಹೇಳಿದೆ. ನೇರಳೆಯ ಚೂರುಗಳು ಧೂಳು ಬಿದ್ದಂತೆ ಕಂಡವು. ಮೆಚ್ಚಿದ ಬಟ್ಟೆಯನ್ನು ಎಲ್ಲ ಕಡೆ ಬಳಸಿದರೆ ಅದು ಯಾವ ಕಡೆಯೂ ಕಾಣುವುದಿಲ್ಲ. ಅಲ್ಲದೆ ಸೂಜಿಮಲ್ಲಿಗೆಯಂಥ ಸಣ್ಣ ಚಿತ್ತಾರ ಎರಡು ಮಾರು ದೂರದಿಂದ ಚಿತ್ತಾರವಾಗಿ ಉಳಿಯದೆ ಬರಿಯ ಬಣ್ಣವಾಗಿಬಿಡುತ್ತದೆ. ಅದರ ಪಕ್ಕದಲ್ಲಿ ಇನ್ನೊಂದು ಹೂಬಟ್ಟೆ ಇಟ್ಟರೆ ಎರಡೂ ಕೆಡುತ್ತವೆ. ಅದಕ್ಕೆ ನೆರೆಯಾಗಿ ಬೇಕಾದದ್ದು ಬೋಳು ಬಟ್ಟೆ.

ಎರಡನೆಯ ನಕ್ಷೆಯಲ್ಲಿ ಖಣದ ದೊಡ್ಡ ತುಂಡು ನಡುವೆ ಬಂತು. ತೊಳೆದು ಒಣಗಿಸಿ, ಎರಡೂ ಬದಿಯ ದಡಿಗಳನ್ನು ಬಿಡಿಸಿದ ಮೇಲೆ ನಮ್ಮ ಖಣದ ಒಡಲು ೨೬ ಅಂಗುಲದ ಚೌಕವಾಗಿ ಉಳಿದಿತ್ತು. ಅದರಲ್ಲಿ ೧೭ ಅಂಗುಲದ ಒಂದು ಚೌಕ ತೆಗೆದರೆ, ಹೊಲಿಗೆಯ ಅಂಚು ಹೋಗಿ ೧೬ ಅಂಗುಲ ಕಾಣುತ್ತದೆ. ಉಳಿದ ಭಾಗದಲ್ಲಿ ೪ ಅಂಗುಲದ ಇಪ್ಪತ್ತು ಚೌಕಗಳು ಸಿಗುತ್ತವೆ, ಒಂದೂ ಹೆಚ್ಚಿಲ್ಲ. ನಡುವಿನ ಚೌಕದ ಸುತ್ತ ಇಳಕಲ್ಲ ಸೀರೆಯ ಕೆಂಪು ದಡಿಯ ಚೌಕಟ್ಟು. ಅದರ ಸುತ್ತ ಖಣದ ಸಣ್ಣ ಚೌಕ, ಬಿಳಿ ಧೋತರದ ಸಣ್ಣ ಚೌಕ, ಹೀಗೆ ಒಂದು ಬಿಟ್ಟು ಒಂದರ ಸಾಲು. ಸಣ್ಣ ಚೌಕಗಳು ಹೊಲಿದ ಮೇಲೆ ೩ ಅಂಗುಲ.

ದಡಿಯ ಅಗಲವನ್ನು ೪ ಅಂಗುಲವೆಂದು ಇಟ್ಟುಕೊಂಡು ಲೆಕ್ಕ ಹಾಕಿದೆವು. ಒಳಗಿನ ಚೌಕ ೨೪ ಅಂಗುಲವಾಗಿ, ಹೊರಗಿನದು ೩೦ ಆಗಿ, ಬದಿಗೆ ಹತ್ತು ಚೌಕಗಳಂತೆ ಸುತ್ತಿಗೆ ೩೬ ಚೌಕಗಳು ಬಂದವು. ಒಂಬತ್ತನೆಯ ಇಯತ್ತೆಯ ಒಬ್ಬ ಹುಡುಗಿ ಬಣ್ಣ ತುಂಬುತ್ತ ಬಂದು, "ಅಕ್ಕಾರ, ಎರಡು ಮೂಲಿ ನೇರಳೆ ಬರ್ತಾವು, ಎರಡು ಮೂಲಿ ಬಿಳಿ ಬರ್ತಾವು" ಎಂದಳು. ಅದು ನಿಜವೇ ಆಗಿತ್ತು. ಬದಿಗೆ ಸಮಸಂಖ್ಯೆಯ ಚೌಕಗಳಿದ್ದರೆ ಒಂದು ಬಿಟ್ಟು ಒಂದರ ಸಾಲಿನಲ್ಲಿ ನಾಲ್ಕೂ ಮೂಲೆಗಳು ಒಂದಾಗಲಾರವು; ಬೆಸಸಂಖ್ಯೆ ಇರಲೇಬೇಕು. ದಡಿಯನ್ನು ಎರಡೂವರೆ ಅಂಗುಲಕ್ಕೆ ಇಳಿಸಿದಾಗ ಒಳಚೌಕ ೨೧, ಹೊರಚೌಕ ೨೭, ಬದಿಗೆ ಒಂಬತ್ತು ಚೌಕ, ಸುತ್ತಿಗೆ ೩೨. ಹದಿನಾರು ಖಣದವು, ಹದಿನಾರು ಬಿಳಿಯವು. ನಾಲ್ಕು ಮೂಲೆಗಳೂ ನೇರಳೆ. ಆಮೇಲೆ ಕೌದಿಯ ಮೂಲೆಗಳಿಗೆ ಇಟ್ಟ ನಾಲ್ಕು ಚೌಕಗಳನ್ನೂ ಸೇರಿಸಿದರೆ ಮೊದಲಿನ ಲೆಕ್ಕಕ್ಕೆ ಖಣವೂ ಸಾಲುತ್ತಿರಲಿಲ್ಲ. ಗಣಿತದ ಅಧ್ಯಾಪಕರು ಈ ಉದಾಹರಣೆಯನ್ನು ತಮ್ಮ ತರಗತಿಗೆ ಕೊಂಡೊಯ್ದರೆಂಬುದು ನನಗೆ ಸಂತೋಷದ ವಿಷಯ.

೨೭ ಅಂಗುಲದಿಂದ ಆಚೆಗೆ ಸುತ್ತಲೂ ೧೨ ಅಂಗುಲ ಅಗಲದ ಪಟ್ಟಿಯನ್ನು ಮಕ್ಕಳ ಮನೆಗಳಿಂದ ಬಂದ ಹಳೆಯ ಹತ್ತಿ ಸೀರೆ, ಅಂಗಿಗಳ ತುಂಡುಗಳಿಗೆ ಬಿಟ್ಟುಕೊಟ್ಟೆವು. ಅಲ್ಲಿ ನಕ್ಷೆ ಮಾಡಲಿಲ್ಲ. ನೆಲದ ಮೇಲೆ ಹರವಿ, ಕೂಡಿಸಿ, ಅಳಿಸಿ, ಮತ್ತೆ ಕೂಡಿಸಿದರು. ಹೊರ ಅಂಚು ಒಂದೂವರೆ ಅಂಗುಲದ ಕೆಂಪು ಪಟ್ಟಿ.

ಇಲ್ಲಿ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹೊರಪಟ್ಟಿಗೆಂದು ತಂದ ಕೆಂಪು ಬಟ್ಟೆಯನ್ನು ಉಪ್ಪಿನ ನೀರಿನಲ್ಲಿ ನೆನೆಸಿದ್ದರಿಂದ ಬಣ್ಣ ನಿಂತಿತೆಂದು ನಂಬಿ, ಧೋತರದ ಜೊತೆಗೆ ತೊಳೆಯಲು ನಾನೇ ಹಾಕಿದೆ. ಧೋತರವೆಲ್ಲ ಗುಲಾಬಿಯಾಯಿತು. ಉಪ್ಪು ಎಲ್ಲ ಬಣ್ಣಗಳನ್ನೂ ಹಿಡಿದಿಡುವುದಿಲ್ಲ. ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಗಟ್ಟಿಯಾಗಿ ಉಜ್ಜಿ ನೋಡುವುದೊಂದೇ ಪರೀಕ್ಷೆ. ಕಲೆ ಹತ್ತಿದರೆ ಆ ಬಟ್ಟೆ ಕೌದಿಗೆ ಸಲ್ಲದು. ಪುಣ್ಯಕ್ಕೆ ಖಣ ಆ ಬುಟ್ಟಿಯಲ್ಲಿರಲಿಲ್ಲ.

ಕತ್ತರಿಸುವ ದಿನ ಖಣವನ್ನು ನಾನೇ ಕತ್ತರಿಸಿದೆ. ಮಕ್ಕಳಿಗೆ ಕೊಡಬೇಕಿತ್ತೆಂದು ಕೆಲವರು ಹೇಳಬಹುದು; ನನಗೆ ಧೈರ್ಯ ಬರಲಿಲ್ಲ. ಕತ್ತರಿಸಿದ ಪ್ರತಿ ಚೌಕದ ಅಂಚನ್ನೂ ಮಕ್ಕಳು ಕೂಡಲೇ ಸುತ್ತುಹೊಲಿಗೆ ಹಾಕಿ ಎಳೆ ಬಿಚ್ಚದಂತೆ ಮಾಡಿದರು.

ಇನ್ನು ಪದರಗಳು. ಅಡಿಯಲ್ಲಿ ಹಳೆಯ ಹತ್ತಿ ಸೀರೆ, ಅಗಲ ಸಾಲದೆ ಎರಡು ತುಂಡು ಜೋಡಿಸಿದ್ದು; ನಡುವೆ ಎರಡು ಪದರ ಹಳೆಯ ಧೋತರ; ಮೇಲೆ ನಮ್ಮ ನಕ್ಷೆಯ ಜೋಡಣೆ. ಪರದೇಶಗಳ ಹೊದಿಕೆಗಳಲ್ಲಿ ನಡುವೆ ಹಿಂಜಿದ ಹತ್ತಿ ತುಂಬುವ ರೂಢಿಯುಂಟು. ನಮ್ಮ ಕೌದಿಯಲ್ಲಿ ಬಟ್ಟೆಯೇ ತುಂಬು. ಹಳೆಯ ಬಟ್ಟೆಯೇ ಏಕೆ ಎಂಬುದಕ್ಕೆ ಮಿತವ್ಯಯವೊಂದೇ ಕಾರಣವಲ್ಲ. ಅನೇಕ ಸಲ ತೊಳೆದ ಬಟ್ಟೆ ಇನ್ನು ಕುಗ್ಗುವುದಿಲ್ಲ, ಸೂಜಿಗೆ ಬೇಗ ದಾರಿ ಕೊಡುತ್ತದೆ. ಹೊಸ ಬಟ್ಟೆಯ ನಾಲ್ಕು ಪದರ ಚುಚ್ಚಿದ ಮಗುವಿನ ಬೆರಳು ಮರುದಿನ ಪೆನ್ನು ಹಿಡಿಯಲಾರದು.

ಹೊಲಿಗೆಯ ದಾರಿಯ ವಿಷಯದಲ್ಲಿ ಒಂದು ಚರ್ಚೆ ಎದ್ದಿತು. ಕೌದಿಯನ್ನು ಅಂಚಿನಿಂದ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವುದು ಹಳೆಯ ಪದ್ಧತಿ. ನಮ್ಮ ನೆರೆಯ ಮುಂಡಗೋಡ, ಯಲ್ಲಾಪುರ, ಹಳಿಯಾಳ ತಾಲೂಕುಗಳ ಸಿದ್ದಿ ಹೆಣ್ಣುಮಕ್ಕಳೂ ತಮ್ಮ ಕವಂದಿಯನ್ನು ಮೂಲೆಯಿಂದ ಹಿಡಿದು ಒಳಮುಖವಾಗಿಯೇ ಹೊಲಿಯುತ್ತಾರೆ, ತುಂಡುಗಳನ್ನು ಹೋಗುತ್ತ ಹೋಗುತ್ತ ಇಡುತ್ತಾರೆ. ಅವರಿಗೆ ಮುಂಚಿನ ನಕ್ಷೆಯಿಲ್ಲ. ಆದುದರಿಂದ ನಡುವೆ ಬಟ್ಟೆ ಉಬ್ಬಿದರೆ ಒಂದು ಮಡಿಕೆ ಹಾಕಿ ಮುಂದೆ ಸಾಗಬಹುದು. ನಮ್ಮ ಕೌದಿಯಲ್ಲಿಯೋ ನಡುವೆ ಇರುವುದು ಖಣ. ಅಲ್ಲಿ ಉಬ್ಬು ಬಂದರೆ ಎಲ್ಲವೂ ಕೆಟ್ಟಂತೆ. ಆದ್ದರಿಂದ ಮೊದಲು ನಡುವಿನಿಂದ ಹೊರಕ್ಕೆ ಅಂಗೈ ಅಗಲಕ್ಕೊಂದರಂತೆ ಉದ್ದನೆಯ ಕಚ್ಚಾ ಹೊಲಿಗೆ ಹಾಕಿ ಪದರಗಳನ್ನು ಬಿಗಿದು, ಆಮೇಲೆ ಹಳೆಯ ಪದ್ಧತಿಯಂತೆ ಅಂಚಿನಿಂದ ಒಳಕ್ಕೆ ಪಕ್ಕಾ ಹೊಲಿಗೆ ಹಾಕಿದೆವು.

ಸಿದ್ದಿಯರಿಂದ ಇನ್ನೊಂದನ್ನೂ ಪಡೆದೆವು. ಅವರು ಕವಂದಿಯ ನಾಲ್ಕು ಮೂಲೆಗೆ ಮಡಚಿದ ತ್ರಿಕೋನದ ‘ಫೂಲ’ ಇಡದೆ ಕೆಲಸ ಮುಗಿಯಿತೆನ್ನುವುದಿಲ್ಲ. ಉಳಿದಿದ್ದ ನಾಲ್ಕು ಖಣದ ಚೌಕಗಳನ್ನು ಮೂಲೆಗೆ ಮೂಲೆ ಎರಡು ಸಲ ಮಡಚಿ ಹಾಗೆಯೇ ಇಟ್ಟೆವು. ಅಂಗಡಿಯಲ್ಲಿ ಖಣ ಮಡಚಿಡುವ ರೂಪವೂ ಅದೇ ಆದುದರಿಂದ, ಅದು ಎರವಲು ತಂದದ್ದೆಂದು ನೋಡಿದವರಿಗೆ ಅನಿಸುವುದಿಲ್ಲ. ಆಫ್ರಿಕಾ ಮೂಲದ ಈ ಜನರ ಕವಂದಿಗಳು ನ್ಯೂಯಾರ್ಕಿನಲ್ಲಿ ಪ್ರದರ್ಶನಗೊಂಡಿವೆ. ಅಮೆರಿಕೆಯ ಅಲಬಾಮಾ ರಾಜ್ಯದ ಗೀಸ್ ಬೆಂಡ್ ಎಂಬ ಹಳ್ಳಿಯ ಹೆಂಗಸರು, ಗುಲಾಮರಾಗಿದ್ದವರ ವಂಶದವರು, ದುಡಿಮೆಯ ಹಳೆಯ ಬಟ್ಟೆಗಳಿಂದ ಹೊಲಿದ ಹೊದಿಕೆಗಳು ೨೦೦೨ರಲ್ಲಿ ಹ್ಯೂಸ್ಟನ್ನಿನ ವಸ್ತುಸಂಗ್ರಹಾಲಯದ ಗೋಡೆಗೇರಿದವು. ೨೦೦೬ರಲ್ಲಿ ಆ ದೇಶದ ಅಂಚೆಚೀಟಿಯ ಮೇಲೂ ಬಂದವು. ಮಕ್ಕಳಿಗೆ ಆ ಚಿತ್ರಗಳನ್ನು ತೋರಿಸಿದಾಗ ಒಬ್ಬಳು, "ನಮ್ಮ ಅಮ್ಮನ ಕೌದಿ ಇದಕ್ಕಿಂತ ಚಲೋ ಐತಿ" ಎಂದಳು. ತಂದು ತೋರಿಸೆಂದೆ, ತಂದಳು, ಅವಳ ಮಾತು ಸುಳ್ಳಾಗಿರಲಿಲ್ಲ.

ಹೊಲಿಗೆಯ ಸಾಲುಗಳ ನಡುವೆ ಮುಕ್ಕಾಲು ಅಂಗುಲ, ಅಂಗುಲಕ್ಕೆ ನಾಲ್ಕು ಹೊಲಿಗೆ. ಲೆಕ್ಕ ಮಾಡಿರಿ: ೫೪ ಅಂಗುಲದಲ್ಲಿ ೭೨ ಸಾಲು, ಒಟ್ಟು ೩,೮೮೮ ಅಂಗುಲ, ಎಂದರೆ ೧೦೮ ಗಜ. ಹೊಲಿಗೆಗಳು ಹದಿನೈದು ಸಾವಿರದ ಮೇಲೆ. ನಮ್ಮ ಹನ್ನೆರಡು ಮಕ್ಕಳು ವಾರಕ್ಕೆ ಎರಡು ಅವಧಿಯಂತೆ ಕುಳಿತು ಮುಗಿಸುವ ಹೊತ್ತಿಗೆ ವರ್ಷದ ಪರೀಕ್ಷೆ ಹತ್ತಿರ ಬಂದಿತ್ತು. ಮನೆಬಾಗಿಲಿಗೆ ಬಂದ ಕೌದಿಯವಳೊಡನೆ ನಾವು ಚೌಕಾಸಿ ಮಾಡಿ ಕೊಟ್ಟ ಕೂಲಿಯನ್ನು ಈ ಹದಿನೈದು ಸಾವಿರದಿಂದ ಭಾಗಿಸಿ ನೋಡಬೇಕೆಂದು ಮಕ್ಕಳಿಗೆ ಹೇಳಿದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ, ಕದಿರ ರೆಮ್ಮವ್ವೆ ಎಂಬ ಹೆಸರುಗಳನ್ನು ನಾವು ಪಾಠದಲ್ಲಿ ಓದುತ್ತೇವೆ. ಏಕಾಂತದ ರಾಮಯ್ಯನ ಶಾಸನವಿರುವ ಈ ಊರಿನಲ್ಲಿ ಸೂಜಿಯ ಕಾಯಕದ ಬೆಲೆಯನ್ನು ಅಂಕಿಗಳಲ್ಲಿ ಮಾಡಿ ನೋಡಿದ್ದು ಅದೇ ಮೊದಲೆಂದು ಕಾಣುತ್ತದೆ. ಬಂದ ಉತ್ತರವನ್ನು ಇಲ್ಲಿ ಅಚ್ಚು ಮಾಡಿಸಲು ಮನಸ್ಸಾಗಲಿಲ್ಲ.

ಮುಗಿದ ಕೌದಿಯನ್ನು ವಾರ್ಷಿಕೋತ್ಸವದ ಪ್ರದರ್ಶನದಲ್ಲಿಟ್ಟು, ಆಮೇಲೆ ಒಂದು ದಿನದ ಮಟ್ಟಿಗೆ ಮನೆಗೆ ತಂದು ತಾಯಿಯವರ ಮುಂದೆ ಹರವಿದೆ. ಅವರ ಕಣ್ಣು ಮಂದವಾಗಿ ಬಹಳ ದಿನಗಳಾಗಿವೆ. ಅವರು ಮೊದಲು ಕೌದಿಯನ್ನು ತಿರುವಿಹಾಕಿ ಬೆನ್ನಿನ ಹೊಲಿಗೆಯ ಮೇಲೆ ಬೆರಳಾಡಿಸಿದರು. ಎರಡು ಕಡೆ ನಿಂತು, "ಇಲ್ಲಿ ಯಾರೋ ಅವಸರ ಮಾಡ್ಯಾರ" ಎಂದರು. ಆಮೇಲೆ ಮುಮ್ಮುಖಕ್ಕೆ ತಿರುಗಿಸಿ, ದಡಿಯ ಏರನ್ನು ಹಿಡಿದುಕೊಂಡು ಒಳಕ್ಕೆ ಬಂದು, ಖಣದ ನುಣುಪು ಸಿಕ್ಕಲ್ಲಿ ಕೈಯನ್ನು ಇಟ್ಟರು. ಬಹಳ ಹೊತ್ತು ಇಟ್ಟುಕೊಂಡೇ ಇದ್ದರು.

"ದಡಿ ಎರಡು ಉಳದಿರಬೇಕಲ್ಲ?" ಎಂದು ಕೇಳಿದರು.

ಉಳಿದಿವೆಯೆಂದೆ. ಅವುಗಳನ್ನು ಇಸಿದುಕೊಂಡು, ಸುರುಳಿ ಸುತ್ತಿ, ತಮ್ಮ ಎಲೆಯಡಿಕೆಯ ಸಂಚಿಯಲ್ಲಿ ಹಾಕಿಕೊಂಡರು. ಕೌದಿ ಈಗ ಶಾಲೆಯ ಚಿಕ್ಕ ಮಕ್ಕಳ ಕೋಣೆಯಲ್ಲಿದೆ. ಮಧ್ಯಾಹ್ನ ಯಾವ ಮಗುವಿಗೆ ಜ್ವರ ಬಂದರೂ ಅದನ್ನೇ ಹೊದಿಸುತ್ತಾರೆ.