ಕಲಶದಲ್ಲಿ ಹಳೆಯ ತಾಮ್ರದ ದುಡ್ಡು

ಪ್ರಶ್ನೆ: ನಮ್ಮ ಮೂಲ ಊರು ಅಫಜಲಪುರ ತಾಲ್ಲೂಕಿನ ಕರಜಗಿ, ಈಗ ಬೆಂಗಳೂರಿನಲ್ಲಿದ್ದೇವೆ. ಅಜ್ಜಿ ಕೊಟ್ಟ ನಾಲ್ಕು ತಾಮ್ರದ ನಾಣ್ಯಗಳನ್ನು ನವರಾತ್ರಿ ಕಲಶಕ್ಕೆ ಹಾಕುತ್ತ ಬಂದಿದ್ದೇವೆ. ಅವುಗಳ ಮೇಲೆ ಉರ್ದು ಅಕ್ಷರವಿದೆ. ಅದು ದೋಷ, ಬದಲಿಗೆ ರಾಮದರ್ಬಾರಿನ ಚಿತ್ರವಿರುವ 1818ರ ಕಂಪನಿ ನಾಣ್ಯ ಇಡಿ ಎಂದು ಪರಿಚಿತರೊಬ್ಬರು ಹೇಳಿದ್ದಾರೆ. ಬೆಲೆ ಎಂಟು ಸಾವಿರ. ಏನು ಮಾಡಲಿ?

ಉತ್ತರ: ಮೊದಲು ಆ ಎಂಟು ಸಾವಿರ ಉಳಿಸಿಕೊಳ್ಳಿ. ರಾಮದರ್ಬಾರಿನ ಅಂಥ ಆಣೆಯನ್ನು ಈಸ್ಟ್ ಇಂಡಿಯಾ ಕಂಪನಿ ಚಲಾವಣೆಗೆ ತಂದೇ ಇಲ್ಲ. ಅವು ಈಚೆಗೆ ಮಾಡಿ ಮಾರುವ ಬಿಲ್ಲೆಗಳು. ರಾಮನ ಮೇಲೆ ಭಕ್ತಿ ಇದ್ದರೆ ಪಟ ಇದೆ, ನಾಮ ಇದೆ.

ಇನ್ನು ನಿಮ್ಮ ಅಜ್ಜಿಯ ನಾಣ್ಯ. ಅಫಜಲಪುರ ಸೀಮೆ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಇಲ್ಲಿ ಹಾಲಿ ಸಿಕ್ಕಾ ನಡೀತಿತ್ತು, ಪಕ್ಕದ ಸೊಲ್ಲಾಪುರದಲ್ಲಿ ಇಂಗ್ರೇಜಿ ಕಲ್ದಾರ್. ಆರು ಕಲ್ದಾರಿಗೆ ಹೆಚ್ಚುಕಡಿಮೆ ಏಳು ಹಾಲಿ ರೂಪಾಯಿ. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ಬೆಳ್ಳಿ ರೂಪಾಯಿ ಎಲ್ಲರ ಕೈಗೆ ಎಲ್ಲಿಂದ ಬರಬೇಕು? ಸಂತೆಯ ಉಪ್ಪು-ಮೆಣಸಿನಕಾಯಿಗೂ, ಪುರೋಹಿತರ ತಟ್ಟೆಗೂ ಬೀಳುತ್ತಿದ್ದದ್ದು ತಾಮ್ರವೇ. ‘ದುಡ್ಡು’ ಅನ್ನೋ ಮಾತೇ ಮೊದಲು ತಾಮ್ರದ ಒಂದು ನಾಣ್ಯದ ಹೆಸರು, ಆಮೇಲೆ ಎಲ್ಲ ಹಣಕ್ಕೂ ಬಂತು. ನಿಮ್ಮಜ್ಜಿ ಕೈಲಿದ್ದದ್ದನ್ನೇ ದೇವರಿಗೆ ಇಟ್ಟರು. ಅಕ್ಷರ ರಾಜನದು, ಸಂಕಲ್ಪ ಅವರದು. ನಮ್ಮ ಪಾಠಶಾಲೆಯ ಗುರುಗಳು ಕಲಶಕ್ಕೆ ನಾಣ್ಯ ಹಾಕುವಾಗ ಅದನ್ನು ತಿರುವಿ ಲಿಪಿ ನೋಡಿದ್ದು ನಾನಂತೂ ಕಂಡಿಲ್ಲ. ಕಲಶದ ಪಾತ್ರೆಗೇ ತಾಮ್ರ ಪ್ರಶಸ್ತ ಎಂದ ಮೇಲೆ ಒಳಗಿನ ನಾಣ್ಯಕ್ಕೆ ಯಾವ ದೋಷ? ನಿಸ್ಸಂಕೋಚವಾಗಿ ಹಾಕಿರಿ.

ಆದರೆ ಎಚ್ಚರ ಬೇಕಾದದ್ದು ಬೇರೆ ಕಡೆ. ಒಂಬತ್ತು ದಿನ ನೀರಿನಲ್ಲಿದ್ದ ತಾಮ್ರ ಹಸಿರು ಕಿಲುಬು ಬಿಟ್ಟಿದ್ದರೆ ಆ ನೀರನ್ನು ತೀರ್ಥವೆಂದು ಕುಡಿಯಬೇಡಿ, ಮಕ್ಕಳಿಗಂತೂ ಕೊಡಲೇಬೇಡಿ. ಗಿಡದ ಬುಡಕ್ಕೆ ಹಾಕಿ. ಹಾಲು-ಮೊಸರು ತಾಮ್ರಕ್ಕೆ ಕೂಡದು ಎಂದು ಹಿರಿಯರು ಹೇಳುವುದೂ ಇದಕ್ಕೇ. ಮೊಸರಿನ ಹುಳಿಗೆ ತಾಮ್ರ ಬಿಡುತ್ತದೆ. ಪಂಚಾಮೃತದ ಬಟ್ಟಲಿಗೆ ಆ ನಾಣ್ಯ ಬೀಳಕೂಡದು. ವಿಸರ್ಜನೆಯಾದ ಮೇಲೆ ಹುಣಸೆಹಣ್ಣು ಹಚ್ಚಿ ತೊಳೆದು, ಪೂರ್ತಿ ಒಣಗಿಸಿ ಡಬ್ಬಿಗೆ ಹಾಕಿಡಿ.

ದಕ್ಷಿಣೆಗೆ ಮಾತ್ರ ಇವು ಬರುವುದಿಲ್ಲ. ತೆಗೆದುಕೊಂಡವನು ಅಂಗಡಿಗೆ ಹೋಗಬೇಕಲ್ಲ! ಅಲ್ಲಿ ಇಂದು ನಡೆಯುವ ನೋಟು, ನಾಣ್ಯವನ್ನೇ ಯಥಾಶಕ್ತಿ ಕೊಡಿ.