ಸಾಕ್ಷಿ ಕಟಕಟೆಯಲ್ಲಿ ನಾಲ್ಕನೆಯ ಶೀಲ

*ಇಂದಿನ ಧಮ್ಮ ಚಿಂತನೆ*




ಮಂಡ್ಯ, ಮದ್ದೂರು, ಮಳವಳ್ಳಿ ಕೋರ್ಟುಗಳಿಗೆ ನಮ್ಮ ಜನ ಒಂದಲ್ಲ ಒಂದು ಕಾರಣಕ್ಕೆ ಅಲೆಯುತ್ತಲೇ ಇರುತ್ತಾರೆ. ಜಮೀನಿನ ದಾವೆ, ಜೀವನಾಂಶ, ಅಪಘಾತ ಪರಿಹಾರ, ಜಾತಿ ದೌರ್ಜನ್ಯದ ಕೇಸು. ಸಾಕ್ಷಿ ಹೇಳಲು ಕಟಕಟೆ ಹತ್ತಿದವರಿಗೆ "ದೇವರ ಮೇಲೆ ಪ್ರಮಾಣ ಮಾಡಿ ಹೇಳುತ್ತೇನೆ ಅನ್ನಿ" ಎಂದು ಹೇಳಿಸುವುದು ರೂಢಿ. ದೀಕ್ಷೆ ಪಡೆದು 22 ಪ್ರತಿಜ್ಞೆಗಳನ್ನು ಸ್ವೀಕರಿಸಿದವರಿಗೆ ಅಲ್ಲೇ ಇಕ್ಕಟ್ಟು. ಹಾಗೆಂದರೆ, ನಿಜ ಹೇಳಲು ನಿಂತವರು ತಾವೇ ನಂಬದ ಮಾತಿನಿಂದ ಶುರು ಮಾಡಿದಂತೆ. ಅನ್ನದಿದ್ದರೆ ನಮ್ಮ ಸಾಕ್ಷಿ ನಿಲ್ಲುತ್ತದೋ ಇಲ್ಲವೋ ಎಂಬ ಅಳುಕು.

*ಕಾನೂನು ಏನು ಹೇಳುತ್ತದೆ?*

ಅಳುಕಬೇಕಿಲ್ಲ. 1969ರ ಪ್ರಮಾಣಗಳ ಕಾಯ್ದೆಯ 5ನೇ ಕಲಂ ಪ್ರಕಾರ ಯಾವ ಸಾಕ್ಷಿಯೇ ಆಗಲಿ, ಪ್ರಮಾಣದ ಬದಲು ದೃಢೀಕರಣ ಮಾಡಬಹುದು. ಕಾರಣ ಕೊಡಬೇಕಿಲ್ಲ. ಕಾಯ್ದೆಗೆ ಲಗತ್ತಿಸಿದ ನಮೂನೆಯಲ್ಲೇ ಎರಡೂ ಅಕ್ಕಪಕ್ಕ ಇವೆ, ಎರಡಕ್ಕೂ ಒಂದೇ ತೂಕ. ದೃಢೀಕರಿಸಿ ಸುಳ್ಳು ಹೇಳಿದರೂ ಶಿಕ್ಷೆ ಒಂದೇ: ಭಾರತೀಯ ನ್ಯಾಯ ಸಂಹಿತೆಯ 229ನೇ ಕಲಂ ಅಡಿ 7 ವರ್ಷದವರೆಗೆ ಜೈಲು.

ಈ ಹಕ್ಕು ಒಂದೇ ದಿನದಲ್ಲಿ ಬಂದದ್ದಲ್ಲ. ಕಂಪನಿ ಕಾಲದ ಕೋರ್ಟುಗಳಲ್ಲಿ ಹಿಂದೂ ಸಾಕ್ಷಿಗೆ ಗಂಗಾಜಲ, ಮುಸ್ಲಿಂ ಸಾಕ್ಷಿಗೆ ಕುರಾನ್ ಇಟ್ಟು ಪ್ರಮಾಣ ಮಾಡಿಸುತ್ತಿದ್ದರು. 1840ರ ಕಾಯ್ದೆ ಅದನ್ನು ಕೈಬಿಟ್ಟಿತು. ಆದರೂ 1873ರ ಕಾಯ್ದೆಯಲ್ಲಿ "ಎದುರಾಳಿ ಇಂಥ ಆಣೆ ಮಾಡಲಿ, ಅವನು ಹೇಳಿದ್ದಕ್ಕೆ ನಾನು ಬದ್ಧ" ಎನ್ನುವ ಅವಕಾಶ ಉಳಿದಿತ್ತು. 1969ರಲ್ಲಿ ಅದೂ ಹೋಯಿತು. ಕರ್ಪೂರ ಹಚ್ಚಿ, ಮಕ್ಕಳ ತಲೆ ಮುಟ್ಟಿ ಆಣೆ ಮಾಡಿಸುವುದು, "ಧರ್ಮಸ್ಥಳಕ್ಕೆ ಬಾ" ಎಂದು ಕರೆಯುವುದು ನಮ್ಮ ಊರುಗಳಲ್ಲಿ ಇನ್ನೂ ಇದೆ. ಕೋರ್ಟಿಗೆ ಬೇಕಾದದ್ದು ಪುರಾವೆ ಮಾತ್ರ.

*ಬುದ್ಧರ ಹೆಸರಿನಲ್ಲಿ ಪ್ರಮಾಣ ಮಾಡಬಹುದೇ?*

ನಮ್ಮವರು ಕೇಳುವ ಪ್ರಶ್ನೆ ಇದು. ಕೋರ್ಟಿನ ನಮೂನೆಯಲ್ಲಿ ಅದಕ್ಕೆ ಜಾಗವಿಲ್ಲ. ಶಾಸಕರ ಪ್ರಮಾಣದಲ್ಲೂ ಹೀಗೇ. ಕೇರಳದ ಕೊಡುಂಗಲ್ಲೂರಿನ ಶಾಸಕರೊಬ್ಬರು ಶ್ರೀ ನಾರಾಯಣ ಗುರುಗಳ ಹೆಸರಿನಲ್ಲಿ ಪ್ರಮಾಣ ಮಾಡಿದಾಗ, ಅದು ಸಂವಿಧಾನದ ಮೂರನೇ ಅನುಸೂಚಿಯಂತೆ ಇಲ್ಲವೆಂದು 2003ರಲ್ಲಿ ಅಲ್ಲಿನ ಹೈಕೋರ್ಟ್ ಹೇಳಿತು. ನಮಗಂತೂ ಇದರಲ್ಲಿ ನಷ್ಟವಿಲ್ಲ. ಬುದ್ಧರು ದೇವರಲ್ಲ. ದೇವರಿದ್ದ ಜಾಗದಲ್ಲಿ ಅವರನ್ನು ಕೂರಿಸಿದರೆ ಬಿಟ್ಟುಬಂದ ದಾರಿಗೇ ಮರಳಿದಂತೆ.

*ಬುದ್ಧರು ಸಾಕ್ಷಿಯ ಬಗ್ಗೆ ಹೇಳಿದ್ದು*

ಮಜ್ಝಿಮ ನಿಕಾಯದ 41ನೆಯದು ಸಾಲೇಯ್ಯಕ ಸುತ್ತ, ಕೋಸಲದ ಸಾಲಾ ಎಂಬ ಊರಿನ ಗೃಹಸ್ಥರಿಗೆ ಕೊಟ್ಟ ಬೋಧನೆ. ಸುಳ್ಳು ಎಂದರೇನು ಎಂದು ವಿವರಿಸಲು ಬುದ್ಧರು ಅಲ್ಲಿ ಸಾಕ್ಷಿಯನ್ನೇ ತೆಗೆದುಕೊಂಡಿದ್ದಾರೆ. ಸಭೆಗೋ ರಾಜನ ಮುಂದೆಯೋ ಒಬ್ಬನನ್ನು ಕರೆಸಿ, ನಿನಗೆ ಗೊತ್ತಿರುವುದನ್ನು ಹೇಳು ಎನ್ನುತ್ತಾರೆ. ಅವನು ಕಂಡಿದ್ದನ್ನು ಕಂಡಿಲ್ಲವೆಂದೂ ಕಾಣದ್ದನ್ನು ಕಂಡೆನೆಂದೂ ಹೇಳುತ್ತಾನೆ. ತನಗಾಗಿ, ಇನ್ನೊಬ್ಬರಿಗಾಗಿ, ಇಲ್ಲವೇ ಚೂರುಪಾರು ಲಾಭಕ್ಕಾಗಿ. ಈ ವಿವರಣೆಯಲ್ಲಿ ಯಾವ ದೇವರ ಆಣೆಯೂ ಇಲ್ಲ. ಕಂಡದ್ದು ಮತ್ತು ಹೇಳಿದ್ದು ಒಂದೇ ಆಗಿರಬೇಕು, ಅಷ್ಟೇ. ಹಾಗಾಗಿ ಮುಸಾವಾದದಿಂದ ದೂರವಿರುವ ನಾಲ್ಕನೆಯ ಶೀಲವನ್ನು ಸ್ವೀಕರಿಸಿದವರು ಕಟಕಟೆಗೆ ಬರುವ ಮೊದಲೇ ದೃಢೀಕರಿಸಿರುತ್ತಾರೆ.

*ನಿಜವಾದ ಪರೀಕ್ಷೆ*

2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನು ಸುಟ್ಟು ಕೊಂದರು. ವಿಚಾರಣೆಯಲ್ಲಿ ಕಣ್ಣಾರೆ ಕಂಡ ಸಾಕ್ಷಿಗಳು ಪ್ರತಿಕೂಲವಾದರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು. 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗೆ ಪ್ರಮಾಣ ಬೋಧಿಸುವ ಪದ್ಧತಿ ಆ ಕೋರ್ಟಿನಲ್ಲೂ ಇತ್ತು. ನೊಂದವರನ್ನು ದೂರುವುದು ಸಲ್ಲದು. ಅದೇ ಊರಲ್ಲಿ, ಅದೇ ಜನರ ಹೊಲದಲ್ಲಿ ಕೂಲಿ ಮಾಡಿ ಬದುಕಬೇಕಾದವರ ಮೇಲೆ ಎಂಥ ಒತ್ತಡ ಬೀಳುತ್ತದೆಂದು ನಮಗೆ ಗೊತ್ತು. ಸತ್ಯಕ್ಕೆ ಮನಸ್ಸು ಗಟ್ಟಿ ಇದ್ದರೆ ಸಾಲದು, ಬೆನ್ನಿಗೆ ಜನವೂ ಬೇಕು.

ಕಾನೂನೂ ಇದನ್ನು ಒಪ್ಪಿದೆ. ದೌರ್ಜನ್ಯ ತಡೆ ಕಾಯ್ದೆಗೆ 2015ರ ತಿದ್ದುಪಡಿಯಲ್ಲಿ ಸೇರಿದ 15ಎ ಕಲಂ ಪ್ರಕಾರ ಬೆದರಿಕೆ, ಆಮಿಷ, ಹಿಂಸೆಯಿಂದ ಸಾಕ್ಷಿಗಳನ್ನು ಕಾಪಾಡುವುದು ಸರ್ಕಾರದ ಕರ್ತವ್ಯ. ವಿಚಾರಣೆಗೆ ಬಂದುಹೋಗುವ ಖರ್ಚನ್ನೂ ಕೇಳಬಹುದು.

ಇನ್ನೊಂದು ಕಡೆಯೂ ಇದೆ. "ಅವನು ನಮ್ಮವನು, ನೋಡಿದೆ ಅಂತ ಒಂದು ಮಾತು ಹೇಳಿಬಿಡು" ಎಂದು ನಮ್ಮ ಬೀದಿಯವರೇ ಕೇಳುತ್ತಾರೆ. ಇನ್ನೊಬ್ಬರಿಗಾಗಿ ಹೇಳುವ ಸುಳ್ಳು ಎಂದು ಬುದ್ಧರು ಹೆಸರಿಸಿದ್ದು ಇದನ್ನೇ. ನಮ್ಮವರ ಒಂದು ಸುಳ್ಳು ಸಾಕ್ಷಿ ಬಯಲಾದರೆ, ನಾಳೆ ನಿಜವಾಗಿ ನೊಂದು ಬಂದ ತಂಗಿಯ ಮಾತನ್ನೂ ಅನುಮಾನಿಸುತ್ತಾರೆ.

*ಇಂದಿನ ಅಭ್ಯಾಸ*

1️⃣ ಈ ಮಾತನ್ನು ಬಾಯಿಪಾಠ ಮಾಡಿ, ಮನೆಯ ಹಿರಿಯರಿಗೂ ಹೇಳಿಕೊಡಿ: "ಸ್ವಾಮಿ, ನಾನು ದೃಢೀಕರಣ ಮಾಡುತ್ತೇನೆ. ನಾನು ಹೇಳುವುದು ಸತ್ಯ, ಪೂರ್ತಿ ಸತ್ಯ, ಸತ್ಯವಲ್ಲದೆ ಬೇರೇನೂ ಅಲ್ಲ."

2️⃣ ಸಾಕ್ಷಿಗೆ ಸಮನ್ಸ್ ಬಂದವರು ಪಕ್ಕದಲ್ಲಿದ್ದರೆ, ಆ ದಿನ ಜೊತೆಗೆ ಹೋಗಿ. ಕೋರ್ಟಿನ ಹೊರಗೆ ಮರದಡಿ ಕೂತಿದ್ದರೂ ಅವರಿಗೆ ಧೈರ್ಯ.

3️⃣ ಕಂಡಿದ್ದನ್ನು ಕಂಡೆ ಎನ್ನಿ. ಕಾಣದ್ದಕ್ಕೆ "ನನಗೆ ಗೊತ್ತಿಲ್ಲ" ಎನ್ನಲು ನಾಚಬೇಡಿ. ಅದೂ ಸತ್ಯವೇ.

ಭವತು ಸಬ್ಬ ಮಂಗಲಂ
ಸಾಧು, ಸಾಧು, ಸಾಧು 🙏